ಒಂದೇ ಮಾಸ್ಕ್

"ನಿಮ್ಮ ಮಗಳ ಎದೆಯ ಸೀಟಿ ನಿಂತೇ ಹೋಯ್ತಲ್ಲ, ಇನ್ನಾದ್ರೂ ಮಾಸ್ಕ್ ಈ ಕಡೆ ಕೊಡ್ರೀ. ಮನೆಯಿಂದ ತಂದಿದ್ದೋ ಹೇಗೆ?" ಪಕ್ಕದ ಹೆಂಗಸು ಚುಚ್ಚಿ ನುಡಿದಳು. ಅವಳ ಮಡಿಲಿನ ಕೂಸು ಉಸಿರಿಗೊಮ್ಮೆ ಸುಂಯ್ ಎನ್ನುತ್ತಿತ್ತು.

ಉಬ್ಬಸದ ಮಕ್ಕಳಿಗೆ ಔಷಧಿಯ ಆವಿ ಕೊಡಲು ಆಸ್ಪತ್ರೆಯಲ್ಲಿದ್ದದ್ದು ಒಂದೇ ಯಂತ್ರ, ಒಂದೇ ಮಾಸ್ಕ್. ಯಾರ ಎದೆ ಹೆಚ್ಚು ಸದ್ದು ಮಾಡುತ್ತದೋ ಆ ಮಗುವಿಗೆ ಮೊದಲು ಎಂಬುದು ಕಾಯುವ ತಾಯಂದಿರೇ ಮಾಡಿಕೊಂಡ ನಿಯಮ. ಮಗಳಿಗೆ ಮಾಸ್ಕ್ ಹಾಕಿಸಿಕೊಂಡು ಕೂತಿದ್ದ ದರ್ಜಿ ಹೆಂಗಸು ಅವಳ ಎದೆಗೆ ಕಿವಿಯಿಟ್ಟಳು. ಬೆಳಗಿನಿಂದ ಕೇಳುತ್ತಿದ್ದ ಸೀಟಿ ನಿಜಕ್ಕೂ ಇರಲಿಲ್ಲ. ಮಾಸ್ಕ್ ಬಿಚ್ಚಿ ತಾನೇ ಕೂಸಿನ ಮುಖಕ್ಕಿಟ್ಟಳು. "ತಗೋ ಕಂದ, ಅಕ್ಕಂಗೆ ವಾಸಿಯಾಯ್ತು." ಮಗಳು ಅವಳ ತೋಳಿಗೊರಗಿ ಕಣ್ಣು ಮುಚ್ಚಿದಳು.

ನರ್ಸ್ ಬಂದು ಸ್ಟೆತಸ್ಕೋಪನ್ನು ಮಗಳ ಎದೆಗಿಟ್ಟಳು, ಬೆನ್ನಿಗಿಟ್ಟಳು, ಮತ್ತೆ ಎದೆಗಿಟ್ಟಳು.

"ಸದ್ದೇ ಇಲ್ಲ ಅಲ್ವಾ ಸಿಸ್ಟರ್?" ತಾಯಿ ನಕ್ಕಳು.

"ಎದೆಯೊಳಗೆ ಗಾಳಿ ಆಡಿದ್ರೆ ತಾನೇ ಅಕ್ಕಾ, ಸದ್ದು ಬರೋದು!" ಎಂದ ನರ್ಸ್, ಕೂಸಿನ ಮುಖದಿಂದ ಮಾಸ್ಕ್ ಕಿತ್ತುಕೊಂಡಳು.