ಶಾವಂತ್ರವ್ವ ಮತ್ತೆ ಹಾರಿದ್ದು

ಗದಗಿನ ಶಾವಂತ್ರವ್ವ ಇಪ್ಪತ್ತೆರಡು ವರ್ಷ ಹಾರಿಕೊಂಡೇ ಟಪಾಲು ಹಂಚಿದವಳು. ಊರಿನ ಎಲ್ಲರಂತೆ ಅವಳಿಗೂ ತೋಳಿನಿಂದ ಸೊಂಟದವರೆಗೆ ತೆಳುವಾದ ರೆಕ್ಕೆಗಳಿದ್ದವು. ಯುಗಾದಿಯ ಹೊತ್ತಿಗೆ ಬಿರುಗಾಳಿಗೆ ಸಿಕ್ಕು ಬಲ ಎದೆಯ ದೊಡ್ಡ ಸ್ನಾಯು ಹರಿದ ಮೇಲೆ ನಾಲ್ಕು ತಿಂಗಳು ನೆಲದ ಮೇಲೆಯೇ ಓಡಾಡಿದಳು. ಇಂದಿನ ಪರೀಕ್ಷೆಯಲ್ಲಿ ಹಾರದಿದ್ದರೆ ಕಚೇರಿಯಲ್ಲಿ ಕೂತು ಠಸ್ಸೆ ಒತ್ತುವ ಕೆಲಸವೇ ಗತಿ.

ಆಸ್ಪತ್ರೆಯ ಮಾಳಿಗೆಯ ಮೇಲೆ, ವ್ಯಾಯಾಮ ಮಾಡಿಸುವ ನಸೀಮಾ ಅವಳ ಕಂಕುಳಿನ ಮುಂದಿನ ಮಡಿಕೆಯನ್ನು ಬೆರಳುಗಳಲ್ಲಿ ಹಿಡಿದು ನೋಡಿದಳು.

“ತೋಳು ಕೆಳಗ ಒತ್ರಿ. ಹಾಂ, ಸ್ನಾಯು ಗಟ್ಟಿ ಆಗೇತಿ. ನೋವೈತೇನ್ರಿ?”

“ನೋವಿಲ್ಲವ್ವಾ, ಅಂಜಿಕಿ ಐತಿ.”

“ಅಂಜಿಕಿಗೆ ನನ್ನ ಹತ್ರ ವ್ಯಾಯಾಮ ಇಲ್ರೀ. ರಸ್ತೆ ದಾಟಿ ಬ್ಯಾಂಕಿನ ಮಾಳಿಗಿ ಮ್ಯಾಲೆ ಇಳೀರಿ, ಸಾಕು.”

ಶಾವಂತ್ರವ್ವ ಸೆರಗು ಸಿಕ್ಕಿಸಿ ಜಿಗಿದಳು. ಮೊದಲು ಬಲಕ್ಕೆ ವಾಲಿ ಕೆಳಗೆ ಜಾರಿದಳು. ಎರಡು ಸಲ ಜೋರಾಗಿ ರೆಕ್ಕೆ ಬಡಿದಳು. ಎದೆ ಬಿಗಿದು ಅವಳನ್ನು ಎತ್ತಿತು. ಎಷ್ಟು ಎತ್ತಿತೆಂದರೆ ಬ್ಯಾಂಕನ್ನೂ ದಾಟಿ, ಆಚೆ ಮನೆಯ ಮಾಳಿಗೆಯಲ್ಲಿ ಒಣಹಾಕಿದ್ದ ಹಪ್ಪಳಗಳ ನಡುವೆ ಇಳಿದಳು.

ಹಪ್ಪಳ ಕಾಯುತ್ತಿದ್ದ ಮುದುಕಿ ಕೋಲೆತ್ತಿದವಳು ಗುರುತು ಹಿಡಿದು ಕೋಲು ಕೆಳಗಿಟ್ಟಳು.

“ಅಯ್ಯ, ಶಾವಂತ್ರೀ! ಮುಪ್ಪಿಗೆ ನನ್ನ ರೆಕ್ಕಿ ಸೋತಾವ, ನೀ ಬರೂದು ಬಿಟ್ಟ ಮ್ಯಾಲೆ ತಂಗಿ ಬರದ ಪತ್ರ ತರಾಕ ಮೆಟ್ಟಿಲಿಳಿದು ಇಳಿದು ನನಗ ಸಾಕಾತು.”

“ನಾಳಿಂದ ಮಾಳಿಗಿಗೇ ತರ್ತೀನಿ, ಆಯೀ.”

“ಅಕ್ಕಾರ, ಇವತ್ತಿಗೆ ಸಾಕು! ಮೆಟ್ಟಿಲಿಳಿದು ಬರ್ರಿ!” ಎಂದು ಆಚೆಯಿಂದ ನಸೀಮಾ ಕೂಗಿದಳು.

ಆ ಮಾತು ಮುಗಿಯುವಷ್ಟರಲ್ಲಿ ಶಾವಂತ್ರವ್ವ ರಸ್ತೆಯ ನಡುವೆ, ಗಾಳಿಯಲ್ಲಿದ್ದಳು.