ಸೋದರಮಾವನ ಹಕ್ಕು

ಎಪ್ಪತ್ತರ ದಶಕದ ಒಂದು ದಿನ, ಆಸ್ಪತ್ರೆಯಲ್ಲಿ ಜಂಪಣ್ಣ ಪಂಚೆಯನ್ನು ಮೊಣಕಾಲಿನ ಮೇಲಕ್ಕೆತ್ತಿ, ಡಾಕ್ಟರ ಮುಂದಿದ್ದ ಸ್ಟೂಲಿನ ಮೇಲೆ ಕಾಲಿಟ್ಟ. "ರಕ್ತ ಹುಟ್ಟೋದು ಮೂಳೆ ಒಳಗೆ ಅಂತ ನೀವೇ ಹೇಳಿದ್ರಲ್ಲ ಸಾರ್. ನಮ್ಮ ಅಕ್ಕನ ಕೂಸಿಗೆ ಕುಡುಗೋಲಿನಂಗೆ ಬಾಗಿದ ಕಣ ಹುಟ್ತಾವೆ. ನಂದು ಗಟ್ಟಿ ಮೂಳೆ. ಇದ್ರಾಗಿಂದ ತಗೊಂಡು ಅವಳಿಗೆ ಹಾಕ್ರಿ." ಪಕ್ಕದ ಮಂಚದಲ್ಲಿ ಆರು ವರ್ಷದ ಗಿರಿಜಿ ಕೈಕಾಲು ನೋವಿಗೆ ನರಳುತ್ತಿದ್ದಳು. ಅವಳ ತಾಯಿ ಚಂದ್ರಕ್ಕ, "ಕಾಲಿಳಿಸೋ, ಸಂತೇಲಿ ಎತ್ತು ತೋರಿಸ್ದಂಗೆ ತೋರಿಸ್ತಾನೆ," ಎಂದು ತಮ್ಮನನ್ನು ಗದರಿದಳು. ಅವಳ ಕಣ್ಣು ಮಾತ್ರ ಡಾಕ್ಟರ ಮುಖ ಬಿಟ್ಟು ಕದಲಲಿಲ್ಲ.

ಡಾಕ್ಟರು ನಗಲಿಲ್ಲ. "ಹೊರದೇಶದಲ್ಲಿ ಬೇರೆ ರಕ್ತದ ಕಾಯಿಲೆಗಳಿಗೆ ಹಾಗೆ ಮೂಳೆಯೊಳಗಿನ ಮಜ್ಜೆ ಕೊಟ್ಟು ನೋಡ್ತಿದ್ದಾರಪ್ಪ. ಈ ಕಾಯಿಲೆಗೆ ಇನ್ನೂ ಯಾರೂ ಮಾಡಿಲ್ಲ. ಆದರೆ ನಿಮ್ಮೆಲ್ಲರ ರಕ್ತ ನೋಡಿದೆ. ಈ ದೋಷ ನಿನ್ನಲ್ಲಿ ಅರ್ಧ ಇದೆ, ಗಿರಿಜೆಯ ಅಕ್ಕನಲ್ಲೂ ಅರ್ಧ ಇದೆ. ನಿಮಗೇನೂ ತೊಂದರೆಯಿಲ್ಲ. ಅಂಥ ಇಬ್ಬರು ಮದುವೆಯಾದರೆ ಮಾತ್ರ, ಹುಟ್ಟೋ ಮಗುವಿಗೆ ಹೀಗಾಗಬಹುದು."

ಚಂದ್ರಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ದೊಡ್ಡ ಮಗಳು ಏಕಾಂತಿಯನ್ನು ಜಂಪಣ್ಣನಿಗೇ ಕೊಡುವುದೆಂದು ವೀಳ್ಯ ಬದಲಾಯಿಸಿ ಎರಡು ತಿಂಗಳಾಗಿತ್ತು. ಅಕ್ಕನ ಮಗಳು ತನ್ನ ಹಕ್ಕೆಂದು ಅವನು ಊರ ತುಂಬ ಹೇಳಿಕೊಂಡು ತಿರುಗಿದ್ದ.

ಜಂಪಣ್ಣ ಗಿರಿಜಿಯ ಊದಿದ ಬೆರಳುಗಳನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಕಾಲಿಳಿಸಿ ಪಂಚೆ ಸರಿಮಾಡಿಕೊಂಡ.

"ಅಕ್ಕ, ಏಕಾಂತಿಗೆ ಬೇರೆ ಗಂಡು ಹುಡುಕಾಣ. ಅವನ ರಕ್ತಾನೂ ಇಲ್ಲೇ ತೋರಿಸಾಣ," ಎಂದ. ಗಿರಿಜಿಯ ಹೊದಿಕೆಯನ್ನು ಮೇಲಕ್ಕೆಳೆದ. "ಹಸೆಗೆ ಅವಳ್ನ ನಾನೇ ಕೈ ಹಿಡ್ದು ಕರ್ಕಂಡು ಬರ್ತೀನಿ. ಸೋದರಮಾವ ಅಲ್ವಾ."