ಒಂಬತ್ತನೆಯ ದಿನದ ಊಟ

ಬುಡಾಪೆಸ್ಟ್ ನೋಡಲು ಹೋದ ಅನಘಾ ಎಂಟು ದಿನ ಒಣ ಬ್ರೆಡ್ಡು, ಸೌತೆಕಾಯಿಯಲ್ಲೇ ಕಳೆದಿದ್ದಳು. ಹಾಲು, ಮೊಸರು, ತುಪ್ಪ ಯಾವುದನ್ನೂ ಮುಟ್ಟದ ವೀಗನ್ ಅವಳು. ಒಂಬತ್ತನೆಯ ದಿನ, ಅಲ್ಲೇ ನೆಲೆಸಿದ್ದ ದೂರದ ಸಂಬಂಧಿ ಇಂದಿರಾಬಾಯಿ ಊಟಕ್ಕೆ ಕರೆದರು.

"ಚಿಕ್ಕಮ್ಮ, ಒಗ್ಗರಣೆ?"

"ಎಣ್ಣೇದೇ ಕಣೆ."

"ಪಾಯಸ?"

"ತೆಂಗಿನಕಾಯಿ ಹಾಲಿಂದು. ಬೆಳಗ್ಗೆಯಿಂದ ನಿನಗೋಸ್ಕರ ಇದೇ ಕೆಲಸ. ನಿಮ್ಮ ಚಿಕ್ಕಪ್ಪಂಗೂ ಇವತ್ತು ಮೊಸರಿಲ್ಲ."

ಬಿಸಿ ಅನ್ನ, ತೊವ್ವೆ, ಹುರುಳಿಕಾಯಿ ಪಲ್ಯ ಎದುರಿಗೆ ಬಂದವು. ಅನಘಾಳ ಕಣ್ಣು ತುಂಬಿ ಬಂತು. ಕೈ ತಟ್ಟೆಗೆ ಹೋಗುವಷ್ಟರಲ್ಲಿ ಅನ್ನದ ಮೇಲೆ ಒಂದು ಚಮಚ ತುಪ್ಪ ಬಿತ್ತು.

"ಚಿಕ್ಕಮ್ಮಾ! ತುಪ್ಪ!"

"ಅಡುಗೆಗೆ ಒಂದು ತೊಟ್ಟೂ ಹಾಕಿಲ್ಲ ಕಣೆ," ಎಂದರು ಇಂದಿರಾಬಾಯಿ. "ಇದು ಬರೀ ಅನ್ನಶುದ್ಧಿಗೆ."